ತೊಟ್ಟಿಲ ಕಂಬದ ಅಲೆಗೆರೆ



ಈ ಹೊತ್ತು ನಾನು ಹೇಳಹೊರಟಿರುವುದು ಮರಗೆಲಸದ ಒಂದು ಸಂಗತಿ. ಮೊದಲೇ ಹೇಳಿಬಿಡುತ್ತೇನೆ, ನಾನು ಬಡಿಗನಲ್ಲ. ಮೆಟ್ರಿಕ್ ತನಕ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಉಳಿ ಹಿಡಿದರೆ ಮರಕ್ಕಿಂತ ಮುಂಚೆ ಬೆರಳು ಕುಯ್ದುಕೊಳ್ಳುವ ಕೈ ನನ್ನದು. ಆದರೆ ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರುಗಳಲ್ಲಿ ತಪ್ಪು ಹುಡುಕಿದ್ದೇನೆ. ಆ ಅಭ್ಯಾಸ ಒಬ್ಬ ಬಡಿಗನ ಕೆಲಸಕ್ಕೆ ಬಂದ ಕಥೆ ಇದು. ನಡುನಡುವೆ ಲೆಕ್ಕ ಬರುತ್ತದೆ. ಮನೆಯಲ್ಲಿ ಲೇತು ಇಟ್ಟುಕೊಂಡವರು ಕಾಗದ, ಪೆನ್ನು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ನಮ್ಮ ನಂದವರದ ಬಡಿಗರ ಓಣಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹುಡುಗ ಎಂದೆ, ಈಗ ನಲವತ್ತರ ಹತ್ತಿರದವನು. ಅವನ ತಾತ ನಮ್ಮ ಸುತ್ತಿನ ಹಳ್ಳಿಗಳಿಗೆ ಗಾಡಿ ಗಾಲಿ, ಕೂರಿಗೆ, ಕುಂಟೆ, ನೊಗ ಮಾಡಿಕೊಟ್ಟವರು. ಟ್ರ್ಯಾಕ್ಟರು ಬಂದ ಮೇಲೆ ಗಾಲಿ ಕೇಳುವವರಿಲ್ಲ. ಅಪ್ಪ ಬಾಗಿಲು, ಕಿಟಕಿ ಮಾಡಿದರು. ಈಗ ಕಬ್ಬಿಣದ ಕಿಟಕಿ, ಪ್ಲಾಸ್ಟಿಕ್ಕಿನ ಬಾಗಿಲು ಬಂದು ಅದೂ ಹೋಯಿತು. ಇವನು ಉಳಿದದ್ದನ್ನು ಹಿಡಿದುಕೊಂಡ: ತೊಟ್ಟಿಲು, ಮಂಚದ ಕಾಲು, ದೇವರ ಮಂಟಪದ ಕಂಬ. ಲೇತಿನ ಮೇಲೆ ಕಡೆದು ಮಾಡುವ ಕೆಲಸ. ಹಳಬರು ಇದಕ್ಕೆ ಕಡಸಲು ಎನ್ನುತ್ತಿದ್ದರು, ತೆಲುಗಿನಲ್ಲಿ ತರಿಮೆನ. 1953ರ ತನಕ ನಮ್ಮ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತಲ್ಲ, ಎರಡೂ ಮಾತು ಇಲ್ಲಿನ ಓಣಿಯಲ್ಲಿ ಒಂದೇ ಬಾಯಿಂದ ಬರುತ್ತವೆ.

ಬರೀ ಕಡೆದ ಕಂಬ ಎಲ್ಲ ಕಡೆಯೂ ಸಿಗುತ್ತದೆ. ಇವನು ಅದರ ಮೈಮೇಲೆ ಉದ್ದಕ್ಕೂ ಅಲೆ ಅಲೆಯಾಗಿ ಗೆರೆ ಕೊರೆಯುವ ಒಂದು ಯಂತ್ರವನ್ನು ತಾನೇ ಕಟ್ಟಿದ. ಎರಡು ಅಲೆ ಎದುರುಬದುರಾಗಿ ಹರಿದರೆ ನಡುವೆ ಬೇವಿನೆಲೆಯಂಥ ಕಣ್ಣುಗಳ ಸಾಲು ಮೂಡುತ್ತದೆ. ನೋಡಲು ಬಲು ಚೆಂದ. ಆದೋನಿಯ ಒಂದು ಅಂಗಡಿಯವರು ಮಾದರಿ ನೋಡಿ ಆರು ತೊಟ್ಟಿಲು ಹೇಳಿದರು. ಮೊದಲನೆಯದು ಹೋಯಿತು, ಎಂಟೇ ದಿನಕ್ಕೆ ವಾಪಸು ಬಂತು. ಕಣ್ಣುಗಳೆಲ್ಲ ಓರೆ, ಕೊನೆಯ ಅಲೆ ತುದಿಗೆ ಮುಟ್ಟಿಲ್ಲ, ಕೆಲವು ಕಡೆ ಗೆರೆ ದಪ್ಪ, ಕೆಲವು ಕಡೆ ಸಣ್ಣ.

ಅವನು ನನ್ನ ಕಟ್ಟೆಗೆ ಬಂದು ಕುಳಿತ. "ಮಾಮಾ, ಇದನ್ನು ಗುಜರಿಗೆ ಹಾಕಿ ಬೆಂಗಳೂರಿಗೆ ಹೋಗಿಬಿಡ್ತೀನಿ. ಸೆಂಟ್ರಿಂಗ್ ಕೆಲಸಕ್ಕೆ ದಿನಕ್ಕಿಷ್ಟು ಅಂತ ಕೊಡ್ತಾರಂತೆ" ಅಂದ. ನಮ್ಮ ಕಡೆ ಗುಳೆ ಹೋಗುವುದು ಹೊಸದಲ್ಲ. ಮಳೆ ತಪ್ಪಿದ ವರ್ಷ ಅರ್ಧ ಊರು ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಹೋಗುತ್ತದೆ. ಆದರೆ ಕೈಯಲ್ಲಿ ಕಸುಬಿದ್ದವನು ಹೋದರೆ ಕಸುಬೂ ಅವನ ಜೊತೆ ಬಸ್ಸು ಹತ್ತುತ್ತದೆ. ನನಗೆ ಇನ್ನೊಂದು ಮುಜುಗರವಿತ್ತು. ರೂಟರ್ ಮತ್ತು ಮೋಟಾರು ಕೊಳ್ಳಲು ಸಾಲ ಮಾಡು, ತೀರಿಸಬಹುದು ಎಂದು ಅವನಿಗೆ ಹೇಳಿದವನು ನಾನೇ. ಕೆಲಸದಲ್ಲಿದ್ದಾಗ ಇಂಥ ಸಾಲದ ಯಂತ್ರಗಳನ್ನು ನೋಡಿದ್ದೇನೆ. ಕೆಟ್ಟದ್ದು ಒಂದು ಪಿನ್ನಿರುತ್ತದೆ, ಆದರೆ ಇಡೀ ಯಂತ್ರ ಗೋಣಿಚೀಲ ಹೊದ್ದು ಮಲಗಿರುತ್ತದೆ.

"ನಾಳೆ ಬೆಳಿಗ್ಗೆ ಬರ್ತೀನಿ, ಆ ತೊಟ್ಟಿಲನ್ನ ಹಾಗೇ ಇಡು, ಉಜ್ಜಬೇಡ" ಎಂದೆ. ಉಜ್ಜಬೇಡ ಎಂದದ್ದು ಬೇಕೆಂದೇ. ತಪ್ಪಾದ ಎಂಟ್ರಿಯನ್ನು ಬ್ಲೇಡಿನಿಂದ ಕೆರೆದು ಹಾಕಿದರೆ ಆಮೇಲೆ ತಪ್ಪು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು.

ಬ್ಯಾಂಕಿನಲ್ಲಿ ಕಂಪ್ಯೂಟರು ಬರುವ ಮುಂಚೆ ಲೆಡ್ಜರು ಬ್ಯಾಲೆನ್ಸು ಮಾಡುವಾಗ ಜಮೆಗೂ ಖರ್ಚಿಗೂ ತಾಳೆ ಬಾರದಿದ್ದರೆ ಎಲ್ಲ ಪುಟವನ್ನೂ ತಿರುವಿಹಾಕುತ್ತಿರಲಿಲ್ಲ. ಮೊದಲು ವ್ಯತ್ಯಾಸವನ್ನು ನೋಡುತ್ತಿದ್ದೆವು. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂಬ ಗುಮಾನಿ. 5,420 ಬರೆಯುವ ಕಡೆ 5,240 ಬರೆದರೆ ವ್ಯತ್ಯಾಸ 180, ಅಂದರೆ ಒಂಬತ್ತು ಇಪ್ಪತ್ತಲೆ. ವ್ಯತ್ಯಾಸ 700 ಇದ್ದರೆ ಅದರ ಅರ್ಧ 350 ಎಲ್ಲಿದೆ ಎಂದು ಹುಡುಕು, ಜಮೆಗೆ ಹೋಗಬೇಕಾದ್ದು ಖರ್ಚಿಗೆ ಬಿದ್ದಿರಬಹುದು. ತಪ್ಪಿನ ಆಕಾರವೇ ತಪ್ಪಿನ ಮನೆ ತೋರಿಸುತ್ತಿತ್ತು. ಮರದ ಮೇಲಿನ ತಪ್ಪಿಗೂ ಹೀಗೆ ಆಕಾರವಿರಬೇಕಲ್ಲ ಎಂಬುದಷ್ಟೇ ನನ್ನ ಬಂಡವಾಳ.

ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಹೇಳದೆ ಮುಂದಿನದು ತಿಳಿಯದು. ಕರಿಹಲಗೆಯ ಮೇಲೆ ನೀವು ಸೀಮೆಸುಣ್ಣವನ್ನು ಎಡದಿಂದ ಬಲಕ್ಕೆ ನೇರ ಎಳೆಯುತ್ತಿದ್ದೀರಿ ಎನ್ನಿ. ಅದೇ ಹೊತ್ತಿಗೆ ಇನ್ನೊಬ್ಬರು ಹಲಗೆಯನ್ನು ಮೇಲೆ ಕೆಳಗೆ ಒಂದೇ ಸಮನೆ ಆಡಿಸುತ್ತಿದ್ದರೆ ನಿಮ್ಮ ನೇರ ಗೆರೆ ಅಲೆಯಾಗುತ್ತದೆ. ಇಲ್ಲೂ ಅಷ್ಟೇ. ಕಡೆದ ಕಂಬವನ್ನು ಎರಡು ಮೊಳೆಗಳ ನಡುವೆ ಅಡ್ಡ ಹಿಡಿಸಿದೆ. ಮೇಲೆ ರೂಟರ್ ಒಂದು ಪುಟ್ಟ ಗಾಡಿಯಲ್ಲಿ ಕುಳಿತಿದೆ. ಕೈಹಿಡಿ ತಿರುಗಿಸಿದರೆ ಉದ್ದನೆಯ ಸ್ಕ್ರೂ ತಿರುಗಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ. ಅದೇ ಸ್ಕ್ರೂನಿಂದ ಸೈಕಲ್ ಚೈನು ಹೋಗಿ ಒಂದು ಕ್ರಾಂಕನ್ನು ತಿರುಗಿಸುತ್ತದೆ, ಕ್ರಾಂಕು ಒಂದು ಸರಳಿನ ಮೂಲಕ ಕಂಬವನ್ನು ಆ ಕಡೆ ಹತ್ತು ಡಿಗ್ರಿ, ಈ ಕಡೆ ಹತ್ತು ಡಿಗ್ರಿ ತೂಗುತ್ತದೆ. ಕಂಬ ತೊಟ್ಟಿಲಂತೆ ತೂಗುತ್ತಿರುವಾಗ ರೂಟರ್ ನೇರ ನಡೆಯುತ್ತದೆ, ಗೆರೆ ಅಲೆಯಾಗುತ್ತದೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನೋಡಿದ್ದೀರಲ್ಲ, ಅದರಲ್ಲಿ ಮಣೆ ತೂಗಿದರೆ ಚಕ್ರ ತಿರುಗುತ್ತದೆ. ಇದರಲ್ಲಿ ಚಕ್ರ ತಿರುಗಿದರೆ ಮರ ತೂಗುತ್ತದೆ. ಕೀಲು ಒಂದೇ, ನಡೆ ತಿರುಗುಮುರುಗು.

ಹೀಗೆ ಯಂತ್ರದಿಂದ ಅಲೆಗೆರೆ ಎಳೆಯುವ ವಿದ್ಯೆ ಹಳೆಯದು, ನೀವೆಲ್ಲ ದಿನವೂ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತೀರಿ. ಒಂದು ನೋಟನ್ನು ಬೂದುಗಾಜಿನ ಕೆಳಗೆ ಹಿಡಿದು ನೋಡಿ. ಕೂದಲೆಳೆಯಂಥ ಅಲೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಯುರೋಪಿನಲ್ಲಿ ರೋಸ್ ಎಂಜಿನ್ ಎಂಬ ಒಂದು ಬಗೆಯ ಲೇತು ಇತ್ತು. ಅಂಚಿನಲ್ಲಿ ಏರಿಳಿತವಿರುವ ಒಂದು ಬಿಲ್ಲೆ ತಿರುಗುತ್ತ ಇಡೀ ಕೆಲಸವನ್ನು ಲಯವಾಗಿ ಅಲುಗಿಸುತ್ತಿತ್ತು. ದಂತ, ಮರ, ಬೆಳ್ಳಿ ಡಬ್ಬಿಗಳ ಮೇಲೆ ಅದರಿಂದ ಅಲಂಕಾರ ಮಾಡುತ್ತಿದ್ದರು. 1701ರಲ್ಲೇ ಫ್ರಾನ್ಸಿನಲ್ಲಿ ಪ್ಲೂಮಿಯೆ ಎಂಬವರು ಕಡಸಲು ವಿದ್ಯೆಯ ಮೇಲೆ ಚಿತ್ರಸಹಿತ ದೊಡ್ಡ ಪುಸ್ತಕ ತಂದರು. ಆಮೇಲೆ ಅದೇ ಯಂತ್ರ ಬ್ಯಾಂಕುಗಳಿಗೆ ಬೇಕಾಯಿತು. ಕೈಯಿಂದ ಬರೆದ ಚಿತ್ರವನ್ನು ಇನ್ನೊಂದು ಕೈ ಕದಿಯಬಲ್ಲದು, ಹಲ್ಲಿನ ಲೆಕ್ಕದಿಂದ ಹುಟ್ಟಿದ ಅಲೆಯನ್ನು ಆ ಲೆಕ್ಕ ಗೊತ್ತಿಲ್ಲದವನು ಕದಿಯುವುದು ಕಷ್ಟ. 1840ರಲ್ಲಿ ಬ್ರಿಟನ್ನು ಹೊರಡಿಸಿದ ಮೊಟ್ಟಮೊದಲ ಅಂಚೆಚೀಟಿ, ಆ ಕಪ್ಪು ಪೆನ್ನಿಯಲ್ಲಿ, ರಾಣಿಯ ತಲೆಯ ಹಿಂದಿನ ಹಿನ್ನೆಲೆ ಯಂತ್ರ ಕೊರೆದದ್ದೇ. ನಮ್ಮ ದೇಶದಲ್ಲಿ ನೋಟು ಅಚ್ಚಾಗತೊಡಗಿದ್ದು 1928ರಲ್ಲಿ, ನಾಸಿಕದ ಮುದ್ರಣಾಲಯದಲ್ಲಿ. ಅಲ್ಲಿಯ ತನಕ ಇಂಗ್ಲೆಂಡಿನಿಂದ ಬರುತ್ತಿತ್ತು. ಡ್ರಾಫ್ಟು, ಚೆಕ್ಕುಗಳ ಹಿನ್ನೆಲೆಯಲ್ಲಿ ಅಂಥ ಗೆರೆ ನೋಡುತ್ತಲೇ ನನ್ನ ಕೆಲಸದ ವರ್ಷಗಳು ಕಳೆದವು. ಗೆರೆ ಎಲ್ಲಾದರೂ ಮುರಿದಿದ್ದರೆ ಕಣ್ಣು ತಾನೇ ಅಲ್ಲಿ ನಿಲ್ಲುತ್ತಿತ್ತು.

ಸರಿ, ಬಡಿಗನ ಶೆಡ್ಡಿಗೆ ಬರೋಣ. ವಾಪಸಾದ ತೊಟ್ಟಿಲಿನ ನಾಲ್ಕು ಕಂಬಗಳನ್ನು ಬಿಚ್ಚಿ ಬಿಸಿಲಿಗೆ ಸಾಲಾಗಿ ಇಟ್ಟೆವು. ನಾನು ಮಾಡಿದ್ದು ಒಂದೇ ಕೆಲಸ, ಸ್ಟೀಲ್ ಸ್ಕೇಲು ಹಿಡಿದು ತಪ್ಪಿನಿಂದ ತಪ್ಪಿಗೆ ಎಷ್ಟು ದೂರ ಎಂದು ಅಳೆದದ್ದು. ತಪ್ಪು ಪ್ರತಿ ಅಲೆಗೂ ಒಮ್ಮೆ ಬರುತ್ತಿದ್ದರೆ ಅದು ಕ್ರಾಂಕಿನ ಕಡೆಯದು, ಏಕೆಂದರೆ ಅಲೆಗೊಮ್ಮೆ ತಿರುಗುವುದು ಅದೊಂದೇ. ಪ್ರತಿ 10 ಮಿಲಿಮೀಟರಿಗೆ ಒಮ್ಮೆ ಬಂದರೆ ಸ್ಕ್ರೂನದು, ಅವನ ಸ್ಕ್ರೂ ಒಂದು ಸುತ್ತಿಗೆ ಗಾಡಿಯನ್ನು ಅಷ್ಟು ನಡೆಸುತ್ತದೆ. ಹೋಗುತ್ತ ಹೋಗುತ್ತ ಕೂಡಿಕೊಂಡು ತುದಿಯಲ್ಲಿ ದೊಡ್ಡದಾಗುವ ತಪ್ಪಾದರೆ ಅದು ಲೆಕ್ಕದ್ದು, ಇಲ್ಲವೆ ಎಲ್ಲೋ ಜಾರುತ್ತಿದೆ. ಯಾವ ಲೆಕ್ಕಕ್ಕೂ ಸಿಗದೆ ಅಲ್ಲೊಂದು ಇಲ್ಲೊಂದು ಇದ್ದರೆ ಯಂತ್ರವನ್ನು ಬಿಟ್ಟು ಮರವನ್ನು ನೋಡಬೇಕು. ಈ ನಾಲ್ಕು ಮಾತಿನಲ್ಲಿ ಅರ್ಧ ದಿನದ ಬಿಚ್ಚಾಟ ಉಳಿಯಿತು.

ಮೊದಲು ಕಂಡದ್ದು ತುದಿಯ ತಪ್ಪು. ಕೆತ್ತಬೇಕಾದ ಉದ್ದ 480 ಮಿಲಿಮೀಟರು. ಅವನ ಪ್ರಕಾರ ಅಲೆ 60, ಅಂದರೆ ಎಂಟು ಅಲೆ ಸರಿಯಾಗಿ ಕೂರಬೇಕು. ಕೂತಿರಲಿಲ್ಲ. ಎಂಟನೆಯ ಅಲೆ ತುದಿಗಿಂತ ಎರಡು ಮಿಲಿಮೀಟರು ಮುಂಚೆಯೇ ಮುಗಿದಿತ್ತು. "60 ಅಂತ ಯಾರು ಹೇಳಿದರು?" ಎಂದೆ. "ಆರು ಸುತ್ತಿಗೆ ಒಂದು ಅಲೆ ಬರುತ್ತೆ ಮಾಮಾ, ಎಣಿಸಿದ್ದೀನಿ" ಎಂದ. ನಾನು ಸುತ್ತು ಎಣಿಸಲಿಲ್ಲ, ಹಲ್ಲು ಎಣಿಸಿದೆ. ಸೈಕಲ್ಲಿನ ಪೆಡಲಿನ ದೊಡ್ಡ ಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18. ಫ್ರೀವೀಲನ್ನು ಹಿಂದಕ್ಕೆ ತಿರುಗದಂತೆ ಬೆಸುಗೆ ಹಾಕಿದ್ದ, ಜಾಣ. ಇಂಥ ಎರಡು ಜೋಡಿಗಳ ಮೂಲಕ ತಿರುಗುವಿಕೆ ಇಳಿದು ಕ್ರಾಂಕಿಗೆ ಹೋಗುತ್ತಿತ್ತು. 44ನ್ನು 18ರಿಂದ ಭಾಗಿಸಿದರೆ 2.444. ಅದನ್ನು ಅದರಿಂದಲೇ ಗುಣಿಸಿದರೆ 5.975. ಆರಲ್ಲ. ಸುತ್ತಿಗೆ 10 ಮಿಲಿಮೀಟರಾದರೆ ಅಲೆಯ ಉದ್ದ 59.75. ಎಂಟರಿಂದ ಗುಣಿಸಿದರೆ 478. ಕಳೆದುಹೋದ ಎರಡು ಮಿಲಿಮೀಟರು ಸಿಕ್ಕಿತು.

ಎರಡು ಮಿಲಿಮೀಟರು ಅಂದರೆ ಅಕ್ಕಿಕಾಳಿನ ಅಗಲ, ಅದಕ್ಕಿಷ್ಟು ರಂಪವೇ ಎಂದು ಕೇಳಬಹುದು. ಒಂದೇ ಅಲೆಯಾದರೆ ಯಾರಿಗೂ ತಿಳಿಯದು. ಅವನು ಎದುರು ಅಲೆಯನ್ನು ಕೊರೆಯುವಾಗ ಕಂಬವನ್ನು ತಲೆಕೆಳಗು ಮಾಡಿ, ಕ್ರಾಂಕನ್ನು ಅರ್ಧ ಸುತ್ತು ತಿರುಗಿಸಿಟ್ಟು, ಆ ತುದಿಯಿಂದ ಶುರುಮಾಡುತ್ತಿದ್ದ. ಹಾಗಾಗಿ ಒಂದು ಅಲೆಯ ಕೊರತೆ ಬಲತುದಿಗೆ ಬಿತ್ತು, ಇನ್ನೊಂದರದು ಎಡತುದಿಗೆ. ಎರಡು ಅಲೆಗಳು ದಾಟುವ ಜಾಗ ಎಲ್ಲ ಕಡೆಯೂ ನಡುಗೆರೆಯ ಮೇಲೆಯೇ ಇರಬೇಕು. ಇಲ್ಲಿ ಒಂದು ಅರ್ಧ ಮಿಲಿಮೀಟರು ಮೇಲೆ, ಮುಂದಿನದು ಅರ್ಧ ಮಿಲಿಮೀಟರು ಕೆಳಗೆ, ಹೀಗೆ ಸಾಲುಪೂರ್ತಿ. ಕಂಬದ ಉದ್ದಕ್ಕೆ ಒಂದು ದಾರ ಎಳೆದು ಹಿಡಿದಾಗ ಅವನಿಗೂ ಕಂಡಿತು. ಕಣ್ಣುಗಳು ಓರೆಯಾದದ್ದು ಇದರಿಂದ. ಒಂದು ಹಲ್ಲೂ ಸವೆದಿಲ್ಲ, ಒಂದು ಬೋಲ್ಟೂ ಸಡಿಲವಿಲ್ಲ, ಯಂತ್ರ ತನಗೆ ಹೇಳಿದ್ದನ್ನೇ ನಿಷ್ಠೆಯಿಂದ ಮಾಡಿದೆ.

ಎಮ್ಮಿಗನೂರಿಗೆ ಹೋಗಿ ಹಳೇ ಸೈಕಲ್ಲಿನವರ ಹತ್ತಿರ 36 ಹಲ್ಲಿನ ಎರಡು ಚಕ್ರ ತಂದ. ಚಿಕ್ಕ ಸೈಕಲ್ಲುಗಳಲ್ಲಿ ಬರುತ್ತವೆ. 36ಕ್ಕೆ 18 ಎಂದರೆ ಎರಡಕ್ಕೆ ಒಂದು, ಎರಡು ಜೋಡಿಗೆ ನಾಲ್ಕಕ್ಕೆ ಒಂದು, ಅಲೆ ಸರಿಯಾಗಿ 40 ಮಿಲಿಮೀಟರು. 480ಕ್ಕೆ ಹನ್ನೆರಡು ಅಲೆ, ಉಳಿಕೆ ಸೊನ್ನೆ. ಇಲ್ಲೊಂದು ಎಚ್ಚರ ಬೇಕು. ಇದೇ ಹಲ್ಲಿನಲ್ಲಿ 500 ಮಿಲಿಮೀಟರಿನ ಕಂಬ ಹಿಡಿದರೆ ಹನ್ನೆರಡೂವರೆ ಅಲೆಯಾಗುತ್ತದೆ. ಒಂದು ತುದಿಯಲ್ಲಿ ಗೆರೆ ಏರುತ್ತ ಶುರುವಾದರೆ ಇನ್ನೊಂದು ತುದಿಗೆ ಇಳಿಯುತ್ತ ಮುಟ್ಟುತ್ತದೆ. ಆಗ 480 ಕೆತ್ತಿ, ಮಿಕ್ಕದ್ದನ್ನು ತುದಿಯ ಬಳೆಗೆ ಬಿಡುವುದು ವಾಸಿ. ಮರ ಕಡೆಯುವ ಮುಂಚೆಯೇ ಉದ್ದ ಗೊತ್ತುಮಾಡಿಕೊಂಡರೆ ಇದು ತಾಪತ್ರಯವಲ್ಲ.

ಎರಡನೆಯ ತಪ್ಪು ಅಲೆಯ ನೆತ್ತಿಯಲ್ಲಿತ್ತು. ನೆತ್ತಿ ದುಂಡಗಿರಲಿಲ್ಲ, ಚಪ್ಪಟೆಯಾಗಿತ್ತು. ನೆತ್ತಿ ದಾಟಿದ ಮೇಲೆ ಮೂರು ನಾಲ್ಕು ಮಿಲಿಮೀಟರು ಗೆರೆ ನೇರ ಹೋಗಿ ಆಮೇಲೆ ಇಳಿಯುತ್ತಿತ್ತು. ಪ್ರತಿ ಅಲೆಯಲ್ಲೂ ಮೇಲೊಮ್ಮೆ, ಕೆಳಗೊಮ್ಮೆ. ಅಲೆಗೆ ಎರಡು ಸಲ, ಎಂದರೆ ಕ್ರಾಂಕು ದಿಕ್ಕು ಬದಲಿಸುವ ಎರಡು ಗಳಿಗೆ. ಸರಳಿನ ಎರಡೂ ತುದಿಯ ಪಿನ್ನನ್ನು ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಎಂದಿತು. ತೂತು ಅಗಲವಾಗಿದೆ. ಕ್ರಾಂಕು ಹಿಂದಿರುಗಿದರೂ ಆ ಸಡಿಲವನ್ನು ನುಂಗುವ ತನಕ ಮರ ಕದಲುವುದಿಲ್ಲ, ಗಾಡಿ ಮಾತ್ರ ಮುಂದೆ ಹೋಗುತ್ತಿರುತ್ತದೆ. ಸಡಿಲ ಒಂದೇ ಡಿಗ್ರಿ ಇರಲಿ, 40 ಮಿಲಿಮೀಟರಿನ ಅಲೆಯಲ್ಲಿ ಸುಮಾರು ಮೂರು ಮಿಲಿಮೀಟರು ನೇರಗೆರೆ ಬೀಳುತ್ತದೆ. ನೆತ್ತಿಯ ಹತ್ತಿರ ತೂಗಾಟ ಬಲು ನಿಧಾನ, ಅದಕ್ಕೇ ಚಿಕ್ಕ ಸಡಿಲವೂ ಅಲ್ಲಿ ಇಷ್ಟು ಉದ್ದವಾಗಿ ಕಾಣುತ್ತದೆ.

ಹಿತ್ತಾಳೆ ಬುಷ್ ಹಾಕಿಸಿದ್ದಾಯಿತು. ಆದರೂ ಪೂರ್ತಿ ಹೋಗಲಿಲ್ಲ. ಆಗ ಅವನ ತಾಯಿ, ಬಾಗಿಲಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದವರು, "ಬಾವಿಯಲ್ಲಿ ಕೊಡ ತುಂಬಿದ್ರೆ ಹಗ್ಗ ಬಿಗಿ, ಖಾಲಿ ಇದ್ರೆ ಜೋಲು" ಎಂದರು. ಯಾವ ಮಾತಿಗೆ ಹೇಳಿದರೋ, ನಮಗೆ ಅದೇ ಔಷಧಿಯಾಯಿತು. ಕಂಬ ಹಿಡಿಯುವ ತಲೆಯ ಡ್ರಮ್ಮಿಗೆ ಹಗ್ಗ ಸುತ್ತಿ ತುದಿಗೆ ಒಂದು ಕಲ್ಲು ಕಟ್ಟಿ ನೇತುಬಿಟ್ಟೆವು. ಈಗ ಮರ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿರುತ್ತದೆ, ಪಿನ್ನು ತೂತಿನ ಒಂದೇ ಗೋಡೆಗೆ ಆತುಕೊಂಡಿರುತ್ತದೆ. ಸಡಿಲ ಇದ್ದಲ್ಲೇ ಇದೆ, ಕೆಲಸಕ್ಕೆ ಅಡ್ಡ ಬರುವುದಿಲ್ಲ. ಕಲ್ಲಿನ ಎಳೆತ ರೂಟರ್ ಮರವನ್ನು ನೂಕುವ ಬಲಕ್ಕಿಂತ ಹೆಚ್ಚಿರಬೇಕು, ಅಷ್ಟೇ ಗುಟ್ಟು. ಕಮ್ಮಿಯಾದರೆ ನೆತ್ತಿಯಲ್ಲಿ ಗೆರೆ ನಡುಗುತ್ತದೆ. ತೀರ ಹೆಚ್ಚಾದರೆ ಕೈಹಿಡಿ ಭಾರವಾಗಿ ಕಂಬ ತನ್ನ ಮೊಳೆಯ ಹಿಡಿತದಲ್ಲೇ ಜಾರಬಹುದು. ಒಮ್ಮೆ ಜಾರಿತೂ ಕೂಡ. ಆಗಲೇ ಕಂಬದ ತುದಿಗೂ ಯಂತ್ರದ ತಲೆಗೂ ಸೇರಿಸಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವ ಪಾಠ ಕಲಿತೆವು. ಗೆರೆ ಬೇರೆಯಾಯಿತೆಂದರೆ ಜಾರಿದೆ ಎಂದು ಲೆಕ್ಕ.

ಇನ್ನು ಗೆರೆಯ ದಪ್ಪ ಸಣ್ಣದ ವಿಚಾರ. ಅವನು ಬಳಸುವುದು ತೊಂಬತ್ತು ಡಿಗ್ರಿಯ ವಿ ಬಿಟ್ಟು. ಅದು ಒಂದು ಮಿಲಿಮೀಟರು ಆಳಕ್ಕೆ ಇಳಿದರೆ ಎರಡು ಮಿಲಿಮೀಟರು ಅಗಲ ಕೊರೆಯುತ್ತದೆ. ಆಳದಲ್ಲಿ ಅರ್ಧ ಮಿಲಿಮೀಟರಿನ ಏರುಪೇರು ಅಗಲದಲ್ಲಿ ಒಂದು ಮಿಲಿಮೀಟರಾಗಿ ಕಾಣುತ್ತದೆ, ಕಣ್ಣಿಗೆ ಮೋಸವಿಲ್ಲ. ಕಂಬದ ಒಂದು ಪಕ್ಕದ ಗೆರೆಗಳೆಲ್ಲ ದಪ್ಪ, ಎದುರು ಪಕ್ಕದವೆಲ್ಲ ಸಣ್ಣ ಇದ್ದವು. ಎಂದರೆ ಕಂಬ ತನ್ನ ನಡುವಿನಲ್ಲಿ ಕೂತಿಲ್ಲ. ಲೇತಿನಿಂದ ತೆಗೆದು ಈ ಯಂತ್ರಕ್ಕೆ ಹಾಕುವಾಗ ಹಳೆಯ ಗುಳಿಗೇ ಮೊಳೆ ಕೂರಿಸದೆ ಪಕ್ಕದಲ್ಲಿ ಹೊಸ ಗುಳಿ ಹೊಡೆದಿದ್ದ. ನಡುಭಾಗದಲ್ಲಿ ಮಾತ್ರ ಗೆರೆ ತೆಳುವಾಗಿದ್ದರೆ ಬೇರೆ ಕಾರಣ, ಉದ್ದನೆಯ ಕಂಬ ಬಿಟ್ಟಿನ ಒತ್ತಡಕ್ಕೆ ಬಾಗುತ್ತದೆ. ನಡುವೆ ಕೆಳಗಿನಿಂದ ಒಂದು ಆಸರೆ ಕೊಡಬೇಕು. ಅದೂ ಇತ್ತು ಒಂದು ಕಂಬದಲ್ಲಿ.

ಸುತ್ತಲೂ ಎಂಟು ಸಾಲು ಕಣ್ಣು ಬೇಕೆಂದು ಟೇಪಿನಿಂದ 20 ಮಿಲಿಮೀಟರಿಗೊಂದು ಗುರುತು ಹಾಕಿದ್ದ. ಕಂಬದ ದಪ್ಪ 50, ಸುತ್ತಳತೆ 157. ಎಂಟು ಇಪ್ಪತ್ತಲೆ ನೂರ ಅರವತ್ತು. ಕೊನೆಯ ಸಾಲು ಮೊದಲನೆಯದಕ್ಕೆ ಮೂರು ಮಿಲಿಮೀಟರು ಒತ್ತರಿಸಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ದುಂಡನೆಯದನ್ನು ಟೇಪಿನಿಂದ ಹಂಚಬಾರದು, ಹಲ್ಲಿನಿಂದ ಹಂಚಬೇಕು. ತಲೆಗೆ ಒಂದು ಚೈನ್ ಚಕ್ರ ಬಿಗಿದು ಪಿನ್ನನ್ನು ಹಲ್ಲಿನ ಸಂದಿಗೆ ಸಿಕ್ಕಿಸಿದರೆ ಸಾಕು. ತೆಗೆದುಹಾಕಿದ 44ರ ಚಕ್ರ ಇಲ್ಲಾದರೂ ಆದೀತೆಂದು ನೋಡಿದರೆ ಎಂಟರಿಂದ ಭಾಗಿಸಿದಾಗ ಐದೂವರೆ. ಇಲ್ಲೂ ಅದು ಕೈಕೊಟ್ಟಿತು! ಗುಜರಿಯಲ್ಲಿ 48ರದೊಂದು ಸಿಕ್ಕಿತು. ಆರು ಹಲ್ಲಿಗೊಂದು ಸಾಲು, ಎಂಟು ಸಾಲಿಗೆ ಸರಿ.

ಒಂದು ಸಂಗತಿ ತಪ್ಪಿನಂತೆ ಕಂಡರೂ ತಪ್ಪಲ್ಲ. ಕಂಬ ಒಂದು ಕಡೆ ಸಣ್ಣಗಾಗುತ್ತ ಹೋಗಿದ್ದರೆ ಅಲೆಯ ಎತ್ತರವೂ ಇಳಿಯುತ್ತದೆ. ತೂಗಾಟದ ಡಿಗ್ರಿ ಅಷ್ಟೇ ಇದ್ದರೂ 50ರ ದಪ್ಪದಲ್ಲಿ ಹತ್ತು ಡಿಗ್ರಿಗೆ ಸುಮಾರು 4.4 ಮಿಲಿಮೀಟರು ಸಿಗುತ್ತದೆ, 36ರ ದಪ್ಪದಲ್ಲಿ 3.1 ಮಾತ್ರ. ಇದನ್ನು ತಿದ್ದಲು ಹೋಗಬೇಡಿ. ಸಣ್ಣ ಕಡೆಗೆ ಸಣ್ಣ ಅಲೆಯೇ ಒಪ್ಪುತ್ತದೆ, ಬಳ್ಳಿಯ ತುದಿಯಲ್ಲಿ ಎಲೆ ಚಿಕ್ಕದಿರುವುದಿಲ್ಲವೆ? ಇದು ನನ್ನ ಅಭಿಪ್ರಾಯ, ಅವನಿಗೆ ಇನ್ನೂ ಪೂರಾ ಸಮ್ಮತವಿಲ್ಲ.

ಕೊನೆಗೆ ಉಳಿದದ್ದು ಯಾವ ಅಳತೆಗೂ ಸಿಗದ ತಪ್ಪುಗಳು. ಅಲೆಯ ಒಂದು ಮಗ್ಗುಲು ನುಣ್ಣಗೆ, ಇನ್ನೊಂದು ಮಗ್ಗುಲು ನಾರುನಾರು. ಅಲೆ ಮರದ ಎಳೆಯನ್ನು ಒಮ್ಮೆ ಹೀಗೆ ದಾಟುತ್ತದೆ, ಒಮ್ಮೆ ಹಾಗೆ. ಬೆಕ್ಕಿನ ಬೆನ್ನನ್ನು ರೋಮದ ದಿಕ್ಕಿಗೆ ಸವರಿದಂತೆ ಒಂದು, ಎದುರು ಸವರಿದಂತೆ ಇನ್ನೊಂದು. ಅವನು ತಂದದ್ದು ಬೇವಿನ ಮರ. ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ, ಹುಳ ಹತ್ತುವುದು ಕಮ್ಮಿ, ಮಗು ಮಲಗುವ ತೊಟ್ಟಿಲಿಗೆ ಒಳ್ಳೆಯದೆಂಬ ನಂಬಿಕೆ ಬೇರೆ. ಆದರೆ ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಸಣ್ಣ ಕೆತ್ತನೆಗೆ ಬಗ್ಗುವುದಿಲ್ಲ. ಚನ್ನಪಟ್ಟಣದ ಬೊಂಬೆಯವರು ಆಲೆ ಮರವನ್ನು ಹಿಡಿದದ್ದು ಸುಮ್ಮನೆ ಅಲ್ಲ. ಅದರ ಎಳೆ ಒತ್ತಾಗಿ, ನಯವಾಗಿ ಇರುತ್ತದೆ. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೆ ಬಣ್ಣ ಕರಗಿ ಹತ್ತುತ್ತದೆ. ಕಲಘಟಗಿಯ ತೊಟ್ಟಿಲಿನ ಹೊಳಪೂ ಅರಗಿನದೇ. ಅಲೆಗೆರೆ ಬೇಕಾದ ಕಂಬಗಳನ್ನಾದರೂ ತೇಗದಲ್ಲಿ ಮಾಡು, ಮಿಕ್ಕ ಪಟ್ಟಿಗಳು ಬೇವಿನವೇ ಇರಲಿ ಎಂದು ತೀರ್ಮಾನವಾಯಿತು. ಬೇವೇ ಬೇಕೆನ್ನುವವರಿಗೆ ಚೆನ್ನಾಗಿ ಒಣಗಿದ ಮರ ಹಿಡಿದು, ಹೊಸ ಬಿಟ್ಟು ಹಾಕಿ, ಮೊದಲ ಸಲ ಆಳದ ಮುಕ್ಕಾಲು ಭಾಗ ಕೊರೆದು ಎರಡನೆಯ ಸಲ ಉಳಿದದ್ದನ್ನು ತೆಳುವಾಗಿ ಸವರಿ ತೆಗೆಯಬೇಕು. ಪೂರ್ತಿ ನುಣುಪಾಗುವುದಿಲ್ಲ, ನಾಚಿಕೆಯಾಗದಷ್ಟು ಆಗುತ್ತದೆ.

ನೆತ್ತಿಗಳಲ್ಲಿ ಕಪ್ಪಾಗಿ ಸುಟ್ಟ ಕಲೆಗಳೂ ಇದ್ದವು. ಅಲೆಯ ಇಳಿಜಾರಿನಲ್ಲಿ ಗಾಡಿಯೂ ನಡೆಯುತ್ತದೆ, ಮರವೂ ತಿರುಗುತ್ತದೆ, ಬಿಟ್ಟು ಬೇಗ ಸಾಗುತ್ತದೆ. ನೆತ್ತಿಯಲ್ಲಿ ಮರ ನಿಂತಿರುತ್ತದೆ, ಗಾಡಿಯ ನಡಿಗೆಯಷ್ಟೇ ಉಳಿಯುತ್ತದೆ. ಆ ಗಳಿಗೆಯಲ್ಲಿ ಯಾರಾದರೂ ಕರೆದರೆಂದು ಕೈ ನಿಲ್ಲಿಸಿದರೆ ಬಿಟ್ಟು ನಿಂತಲ್ಲೇ ಉಜ್ಜಿ ಸುಡುತ್ತದೆ. ನಿಲ್ಲಿಸಲೇಬೇಕಾದರೆ ರೂಟರನ್ನು ಮೇಲೆತ್ತಿ ನಿಲ್ಲಿಸಿ. ಇನ್ನೊಂದು, ನಮ್ಮ ಹಳ್ಳಿಗಳಿಗೇ ಸೇರಿದ ಕಾರಣ. ಪಕ್ಕದ ಹಿಟ್ಟಿನ ಗಿರಣಿ ಶುರುವಾದೊಡನೆ ಬಲ್ಬು ಕೆಂಪಾಗಿ ರೂಟರಿನ ದನಿ ಇಳಿಯುತ್ತಿತ್ತು. ಕರೆಂಟು ಕುಗ್ಗಿದ ಹೊತ್ತಿನ ಗೆರೆಗಳಲ್ಲೇ ನಾರು ಹೆಚ್ಚು. ಗಿರಣಿಯವರನ್ನು ಕೇಳಿ ಅವರು ನಿಲ್ಲಿಸುವ ಹೊತ್ತನ್ನು ತಿಳಿದುಕೊಂಡ. ಈಗ ಅಲೆಯ ಕೆಲಸ ಮಧ್ಯಾಹ್ನ ಊಟದ ಮೇಲೆ.

ಇಷ್ಟು ಹೇಳಿ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ರೂಟರಿನ ಬಿಟ್ಟು ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತಿನ ಆಜುಬಾಜಿನಲ್ಲಿ ತಿರುಗುತ್ತದೆ. ಹೆಗಲ ಮೇಲಿನ ಟವಲು, ಲುಂಗಿಯ ತುದಿ, ಉದ್ದ ತೋಳಿನ ಅಂಗಿ ಇವು ಅದರ ಹತ್ತಿರ ಹೋಗಬಾರದು. ಹಲ್ಲು ಎಣಿಸುವಾಗ, ಪಿನ್ನು ಅಲ್ಲಾಡಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಬೇವಿನ ಪುಡಿ ಗಂಟಲಿಗೆ ಬಲು ಕಹಿ, ಅನುಭವದಿಂದ ಹೇಳುತ್ತಿದ್ದೇನೆ.

ಈ ಎಲ್ಲ ರಿಪೇರಿಗೆ ಹತ್ತೊಂಬತ್ತು ದಿನ ಹಿಡಿಯಿತು. ಅಂಗಡಿಯವರು ಕಾಯಲು ಒಪ್ಪಿದ್ದು ಹದಿನೈದು ದಿನ. ಆರು ತೊಟ್ಟಿಲುಗಳ ಮಾತು ನಾಲ್ಕಕ್ಕೆ ಇಳಿಯಿತು, ದರವನ್ನೂ ಸ್ವಲ್ಪ ಮುರಿದುಕೊಂಡರು. ಆ ನಾಲ್ಕು ಹೋದವು, ವಾಪಸು ಬರಲಿಲ್ಲ. ಎರಡು ತಿಂಗಳ ಮೇಲೆ ಸಿಂಧನೂರಿನ ಕಡೆಯಿಂದ ಒಬ್ಬರು ಮಂಟಪದ ಕಂಬ ಕೇಳಿಕೊಂಡು ಬಂದರು. ಸಾಲದ ಕಂತು ಎರಡು ಹಿಂದೆ ಬಿದ್ದಿದೆ, ಅದನ್ನೂ ಹೇಳಬೇಕು. ಬೆಂಗಳೂರಿನ ಮಾತು ಸದ್ಯಕ್ಕೆ ಎತ್ತಿಲ್ಲ. ವಾಪಸಾದ ಮೊದಲ ತೊಟ್ಟಿಲನ್ನು ನಾನೇ ಕೊಂಡೆ, ನನ್ನ ಮೊಮ್ಮಗಳು ಅದರಲ್ಲೇ ಬೆಳೆದಳು. ಓರೆಕಣ್ಣಿನ ತೊಟ್ಟಿಲು ಎಂದು ಮನೆಯಲ್ಲಿ ಹೆಸರು.

ನಿಮ್ಮ ಊರಲ್ಲೂ ಇಂಥ ಯಂತ್ರ ಯಾರಾದರೂ ಕಟ್ಟಿಕೊಂಡು ತೊಂದರೆಯಲ್ಲಿದ್ದರೆ ಕಾರ್ಯಕ್ರಮಕ್ಕೆ ಒಂದು ಪತ್ರ ಬರೆಯಲಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ. ಯಂತ್ರ ಕೆಟ್ಟಿದೆ ಎಂದಷ್ಟೇ ಬರೆಯಬೇಡಿ. ಕೆತ್ತುವ ಉದ್ದ ಎಷ್ಟು, ಪ್ರತಿ ಚಕ್ರದ ಹಲ್ಲು ಎಷ್ಟು, ಸ್ಕ್ರೂ ಒಂದು ಸುತ್ತಿಗೆ ಎಷ್ಟು ನಡೆಯುತ್ತದೆ, ತಪ್ಪಿನಿಂದ ತಪ್ಪಿಗೆ ಎಷ್ಟು ದೂರ, ಈ ನಾಲ್ಕು ಅಂಕಿ ಬರೆಯಿರಿ. ಉಜ್ಜದೆ ಇಟ್ಟ ಒಂದು ಗೇಣು ತುಂಡನ್ನು ಜೊತೆಗೆ ಕಳಿಸಿದರೆ ಇನ್ನೂ ಅನುಕೂಲ.